ಷಟರ್ ಒಳಗೆ ನಾನು, ಪೋಲೀಸಣ್ಣ, ಮತ್ತು ಅಣ್ಣಾವ್ರ ಫೋಟೋ!



ನಮ್ಮ ಸಿನಿಮಾಗಳಲ್ಲಿ ಪೋಲೀಸರು ಯಾವಾಗ ಬರುತ್ತಾರೆ? ಗಾಂಧಿ ಕ್ಲಾಸಿನಲ್ಲಿ ಕೂತ ಎಂಟು ವರ್ಷದ ಪೋರನೂ ಇದಕ್ಕೆ ಉತ್ತರ ಹೇಳಬಲ್ಲ. ಹೀರೋ ಹದಿನೆಂಟು ಮಂದಿಯನ್ನು ಹೊಡೆದು ಮಲಗಿಸಿರಬೇಕು. ಗೋಡೌನಿನ ಡ್ರಮ್ಮುಗಳೆಲ್ಲಾ ಉರುಳಿರಬೇಕು. ಖಳನಾಯಕ ಕೊನೆಯುಸಿರು ಎಳೆಯುತ್ತಿರಬೇಕು. ಆಗ ಬರುತ್ತದೆ ನೋಡಿ ಜೀಪು! ಇನ್ಸ್‌ಪೆಕ್ಟರ್ ಸಾಹೇಬರು ಇಳಿದು ಒಂದು ಡೈಲಾಗ್ ಹೇಳುತ್ತಾರೆ, 'ಶುಭಂ' ಬೀಳುತ್ತದೆ, ನಾವು ಸೈಕಲ್ ಸ್ಟ್ಯಾಂಡಿಗೆ ಓಡುತ್ತೇವೆ.

ಇನ್ನೊಂದು ಬಗೆಯ ಚಿತ್ರಗಳಲ್ಲಿ ಪೋಲೀಸೇ ಹೀರೋ. 1981ರ 'ಅಂತ'ದಲ್ಲಿ ಅಂಬರೀಷ್ ಅವರ ಉಗುರು ಕೀಳುವ ದೃಶ್ಯ ನೋಡಿ ಕಣ್ಣು ಮುಚ್ಚಿಕೊಳ್ಳದವರು ಯಾರಿದ್ದಾರೆ? 1988ರಲ್ಲಿ 'ಸಾಂಗ್ಲಿಯಾನ' ಬಂತು. ಮಿಜೋರಾಂನಿಂದ ಬಂದು ಕರ್ನಾಟಕದಲ್ಲಿ ಕೆಲಸ ಮಾಡುತ್ತಿದ್ದ ನಿಜವಾದ ಅಧಿಕಾರಿ ಎಚ್. ಟಿ. ಸಾಂಗ್ಲಿಯಾನ ಅವರ ಹೆಸರಿನಲ್ಲಿ ಶಂಕರ್‌ನಾಗ್ ವೇಷದ ಮೇಲೆ ವೇಷ ಹಾಕಿ ಬಂದಾಗ ಟಾಕೀಸಿನ ಛಾವಣಿ ಹಾರಿ ಹೋಗುವಷ್ಟು ಶಿಳ್ಳೆ! ಕೆಲಸದಲ್ಲಿರುವ ಅಧಿಕಾರಿಯ ಹೆಸರಿಟ್ಟು ಚಿತ್ರ ತೆಗೆದರೆ ಜನ ಮುಗಿಬಿದ್ದು ನೋಡಿದರು ಅಂದರೆ, ಅಂಥ ಒಬ್ಬ ಪೋಲೀಸಿನವನಿಗಾಗಿ ಅವರು ಎಷ್ಟು ಹಸಿದಿದ್ದರು ಯೋಚನೆ ಮಾಡಿ. ಆ ಸಾಂಗ್ಲಿಯಾನರೇ 2004ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೂ ಗೆದ್ದರು.

ಆದರೆ ಮೂರನೇ ಬಗೆಯ ಪೋಲೀಸಿನವನೊಬ್ಬ ಇದ್ದಾನೆ. ಅವನನ್ನು ಹೀರೋ ಮಾಡಿ ಯಾರೂ ಚಿತ್ರ ತೆಗೆಯೋಲ್ಲ. ಥಿಯೇಟರಿನ ಮುಂದೆ ಫಸ್ಟ್ ಡೇ ಫಸ್ಟ್ ಷೋ ಕ್ಯೂನಲ್ಲಿ ಲಾಠಿ ಹಿಡಿದು ನಿಂತಿರುತ್ತಾನಲ್ಲ, ಅವನು. ನಮ್ಮ ಜನ್ಮದಲ್ಲಿ ನಾವು ಅತಿ ಹೆಚ್ಚು ನೋಡಿರುವ ಪೋಲೀಸ್ ಅವನೇ. ಅವನ ಹತ್ತಿರ ನಾವು ಮಾತಾಡಿದ್ದು ಎಷ್ಟು? "ಏಯ್, ಹಿಂದೆ ಸರಿ" ಅಂತ ಅವನು. "ಸಾರ್, ಸಾರ್, ತಳ್ಳುತ್ತಿದಾರೆ ಸಾರ್" ಅಂತ ನಾವು. ಅಷ್ಟೆ. ಬ್ಲಾಕಿನಲ್ಲಿ ಟಿಕೆಟ್ ಮಾರುವವನು ಮಾತ್ರ ಆರಾಮಾಗಿ ಪಕ್ಕದಲ್ಲೇ ನಿಂತಿರುತ್ತಿದ್ದ. ಅದನ್ನು ನೋಡಿ ನೋಡಿಯೇ ನಮಗೆ ಖಾಕಿ ಕಂಡರೆ ಒಂದು ಥರ ಅನ್ನಿಸುತ್ತಿದ್ದದ್ದು.

ಆ ಮೂರನೇ ಪೋಲೀಸಿನವನ ಕಥೆ ಇದು. ಅರ್ಧ ನನ್ನದೂ ಹೌದು.

ಆ ಬುಧವಾರ

2006ರ ಏಪ್ರಿಲ್ 12. ನಾನು ಆಗ ಯಶವಂತಪುರದಲ್ಲಿ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದೆ, ವಯಸ್ಸು ಇಪ್ಪತ್ತೆರಡು. ಹಗಲು ಮದುವೆ ಕಾರ್ಡು ಕತ್ತರಿಸೋದು, ರಾತ್ರಿ ಅಭಿಮಾನಿ ಸಂಘದ ಪೋಸ್ಟರು ಅಂಟಿಸೋದು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ಸುದ್ದಿ ಬಂತು. ಅಣ್ಣಾವ್ರು ಇನ್ನಿಲ್ಲ.

ನಂಬಲಿಲ್ಲ. ಯಾಕೆ ನಂಬಬೇಕು? 2000ದಲ್ಲಿ ಕಾಡುಗಳ್ಳ ಹೊತ್ತುಕೊಂಡು ಹೋದಾಗ 108 ದಿನ ಕಾದಿದ್ದೆವು, ಎಷ್ಟು ಸುಳ್ಳು ಸುದ್ದಿ ಬಂದು ಹೋಗಿದ್ದವು! ಹಾಗೇ ಇದೂ ಅಂದುಕೊಂಡು ಸದಾಶಿವನಗರದ ಕಡೆ ಓಡಿದೆವು. ಅಲ್ಲಿ ಒಬ್ಬ "ಇನ್ನೂ ಆಸ್ಪತ್ರೆಯಲ್ಲೇ ಇದಾರೆ" ಅಂದ. ಆಸ್ಪತ್ರೆ ದಾರಿಯಲ್ಲಿ ಸಿಕ್ಕವನು "ಮನೇಗೆ ತಂದಾಯ್ತು" ಅಂದ. ಇನ್ನೊಬ್ಬ "ಕಂಠೀರವ ಸ್ಟೇಡಿಯಂ" ಅಂದ. ಸ್ಯಾಂಕಿ ಕೆರೆ ಏರಿಯ ಮೇಲೆ ಸಾವಿರಾರು ಜನ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡುತ್ತಿದ್ದೆವು. ಎಲ್ಲಿ ನೋಡಬಹುದು, ಎಷ್ಟು ಹೊತ್ತಿಗೆ, ಎಷ್ಟು ಹೊತ್ತಿನ ತನಕ? ನಾವಿದ್ದ ಕಡೆ ಒಬ್ಬರೂ ಹೇಳಲಿಲ್ಲ. ಖಾಕಿಯವರನ್ನು ಕೇಳಿದರೆ ಸಿಕ್ಕ ಉತ್ತರ ಒಂದೇ, "ನಡೀರಿ, ನಡೀರಿ."

ಎಲ್ಲಿಗೆ ನಡೆಯೋಣ ಸ್ವಾಮೀ?

ಸಂಜೆ ಹೊತ್ತಿಗೆ ಕಲ್ಲು ಶುರುವಾಯಿತು. ಮೊದಲು ಯಾರು ಎಸೆದರೋ ಗೊತ್ತಿಲ್ಲ. ಸುಳ್ಳು ಹೇಳಿ ಪುಣ್ಯ ಕಟ್ಟಿಕೊಳ್ಳೋಲ್ಲ, ನನ್ನ ಕೈಯಲ್ಲೂ ಒಂದಿತ್ತು. ಅದು ಒಂದು ಸಿಟಿ ಬಸ್ಸಿನ ಗಾಜಿಗೆ ಬಿತ್ತು. ಬಸ್ಸು ಖಾಲಿ ಇತ್ತು ಅಂತ ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ. ಆಮೇಲೆ ಲಾಠಿ, ಅಶ್ರುವಾಯು, ಓಟ. ಯಶವಂತಪುರದ ಒಂದು ಗಲ್ಲಿಯಲ್ಲಿ ಬೆನ್ನಿಗೆ ಒಂದು ಏಟು ಬಿದ್ದದ್ದೇ ಗೊತ್ತು. ಅರ್ಧ ಇಳಿಸಿದ್ದ ಸೈಕಲ್ ಶಾಪಿನ ಷಟರ್ ಕೆಳಗೆ ಉರುಳಿಕೊಂಡು ಒಳಗೆ ಹೋದೆ. ನನ್ನ ಹಿಂದೆಯೇ ಇನ್ನೊಬ್ಬ ಉರುಳಿ ಬಂದ. ಅಂಗಡಿ ಯಜಮಾನರು ದಡ್ ಅಂತ ಷಟರ್ ಎಳೆದು ಒಳಗಿನಿಂದ ಬೀಗ ಹಾಕಿದರು.

ಕತ್ತಲು. ಲೈಟು ಹಾಕಿದ ಮೇಲೆ ನೋಡಿದರೆ ಹಿಂದೆ ಬಂದವನು ಖಾಕಿ! ಹ್ಯಾಟು ಇಲ್ಲ. ಕಿವಿಯ ಮೇಲಿಂದ ರಕ್ತ ಇಳಿಯುತ್ತಿದೆ. ಕೈಯಲ್ಲಿ ಲಾಠಿ ಇಲ್ಲ, ಎಲ್ಲೋ ಬಿದ್ದುಹೋಗಿದೆ. ಆಚೆ ಗುಂಪು ಕೂಗುತ್ತಿದೆ. ನಾನು "ಇಲ್ಲೊಬ್ಬ ಇದಾನೆ" ಅಂತ ಒಂದು ಕೂಗು ಹಾಕಿದ್ದರೆ ಸಾಕಿತ್ತು.

ಅವನಿಗೂ ಅದು ಗೊತ್ತಿತ್ತು. ನನ್ನ ಮುಖವನ್ನೇ ನೋಡುತ್ತಿದ್ದ.

ಮೂರು ಗಂಟೆ, ಮೂರು ಜನ

ನಾನು ಕೂಗಲಿಲ್ಲ. ಇದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ, ಬಾಯಿ ಒಣಗಿಹೋಗಿತ್ತು. ಯಜಮಾನರು ಹೂಜಿಯಿಂದ ನೀರು ಕೊಟ್ಟರು, ಮೊದಲು ಅವನಿಗೆ, ಆಮೇಲೆ ನನಗೆ. ಗ್ರೀಸ್ ಒರೆಸುವ ಬಟ್ಟೆಗಳಲ್ಲಿ ಶುಭ್ರವಾಗಿದ್ದ ಒಂದನ್ನು ಹುಡುಕಿ ಅವನ ಕಿವಿಗೆ ಕಟ್ಟಿದರು. ಗೋಡೆಯ ಮೇಲೆ, ಟ್ಯೂಬುಗಳನ್ನು ನೇತುಹಾಕಿದ್ದ ಮೊಳೆಯ ಪಕ್ಕ, ಅಣ್ಣಾವ್ರ ಫೋಟೋ. ಯಜಮಾನರು ಅದರ ಮುಂದೆ ನಿಂತು ನಮ್ಮಿಬ್ಬರನ್ನೂ ಕೇಳಿದರು, "ಹಾರ ಹಾಕ್ಬೇಕಾ? ಹಾಕ್ಬಿಟ್ರೆ ನಿಜ ಅಂತ ಆಗೋಗ್ತದಲ್ಲಪ್ಪ."

ಪೋಲೀಸಿನವನು ಅಳೋದಕ್ಕೆ ಶುರು ಮಾಡಿದ. ನಲವತ್ತು ದಾಟಿದ ಗಂಡಸು, ಮೀಸೆ ಮಣ್ಣಾಗಿದೆ, ಸೈಕಲ್ ರಿಮ್ಮುಗಳ ಮಧ್ಯೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಾನೆ. ಊರು ಕಡೂರು ಕಡೆ. ಸಣ್ಣವನಿದ್ದಾಗ ಟೆಂಟಿನಲ್ಲಿ ಮರಳಿನ ಮೇಲೆ ಕೂತು ಅಣ್ಣಾವ್ರ ಚಿತ್ರ ನೋಡಿ ಬೆಳೆದವನು. ಹಿಂದಿನ ರಾತ್ರಿಯಿಂದ ಡ್ಯೂಟಿ ಮೇಲಿದ್ದಾನೆ, ಮಧ್ಯಾಹ್ನದ ಊಟ ಇಲ್ಲ.

ನನಗೆ ರೇಗಿತು. "ಮತ್ಯಾಕೆ ಸಾರ್ ಹೊಡೆದ್ರಿ? ಎಲ್ಲಿ ನೋಡಬಹುದು ಅಂತ ಕೇಳಿದ್ವಿ ಅಷ್ಟೇ ತಾನೆ? ಹೇಳಿದ್ರೆ ಹೋಗಿ ಲೈನಿಗೆ ನಿಲ್ತಿರಲಿಲ್ವಾ?"

"ಹೇಳೋಕೆ ನಮಗೂ ಯಾರೂ ಹೇಳಿರ್ಲಿಲ್ಲ ಕಣಪ್ಪ" ಅಂದ. "ರಸ್ತೆ ಕ್ಲಿಯರ್ ಮಾಡಿ ಅಂದ್ರು, ಮಾಡ್ತಾ ಇದ್ವಿ. ಅವ್ರು ಎಲ್ಲಿದಾರೆ ಅಂತ ನಾನೂ ನಿಮ್ಮಂಥೋರ ಬಾಯಲ್ಲೇ ಕೇಳಿದ್ದು."

ಆ ಮಾತು ಇಪ್ಪತ್ತು ವರ್ಷದಿಂದ ನನ್ನ ತಲೆಯಲ್ಲಿ ಕೂತಿದೆ. ಏನೂ ಗೊತ್ತಿಲ್ಲದ ಗುಂಪಿನ ಎದುರಿಗೆ ಏನೂ ಗೊತ್ತಿಲ್ಲದ ಇನ್ನೊಂದು ಗುಂಪನ್ನು ತಂದು ನಿಲ್ಲಿಸಿದ್ದರು. ಇಬ್ಬರ ಮನೆಯ ಗೋಡೆಯ ಮೇಲೂ ಅದೇ ಫೋಟೋ.

ಎರಡು ದಿನದ ಆ ಗಲಭೆಯಲ್ಲಿ ಬಸ್ಸುಗಳು ಉರಿದವು, ಗೋಲಿಬಾರ್ ಆಯಿತು, ಜನ ಸತ್ತರು. ಗುಂಪಿನ ಕೈಗೆ ಸಿಕ್ಕ ಒಬ್ಬ ಪೋಲೀಸನೂ ಸತ್ತ. ಆ ಸುದ್ದಿ ಓದಿದಾಗ ನನ್ನ ಕೈಕಾಲು ತಣ್ಣಗಾಯಿತು. ಎಲ್ಲಾ ಕಡೆ ಸೈಕಲ್ ಶಾಪ್ ಇರೋಲ್ಲವಲ್ಲ.

ರಾತ್ರಿ ಹೊರಡುವಾಗ ಯಜಮಾನರು ತಮ್ಮ ಮಗನ ಶರಟನ್ನು ಅವನಿಗೆ ಕೊಟ್ಟರು, ಖಾಕಿಯ ಮೇಲೆ ಹಾಕಿಕೊಂಡ. ನಾನು ಮೇನ್ ರೋಡಿನ ತನಕ ಜೊತೆಗೆ ಹೋದೆ. ಯಾರಾದರೂ ಕೇಳಿದರೆ ನಮ್ಮಣ್ಣ ಅನ್ನೋದು ಅಂತ ಮಾತಾಗಿತ್ತು. ಯಾರೂ ಕೇಳಲಿಲ್ಲ. ಆದರೆ 'ಅಣ್ಣ' ಅನ್ನೋದು ಹಾಗೇ ಉಳಿದುಕೊಂಡಿತು.

ಲೆಕ್ಕ ಹಾಕಿ ನೋಡಿ

ಆಮೇಲೆ ನಾನು ಪ್ರೆಸ್ ಬಿಟ್ಟು ಸಿನಿಮಾ ಪುಟಗಳಿಗೆ ಬರೆಯೋಕೆ ಬಂದೆ. ನಮ್ಮ ತಾರೆಯರ ಅಂತಿಮ ಯಾತ್ರೆಗಳಿಗೆ ಹೋಗೋದು ನನ್ನ ಪಾಲಿಗೆ ಕೆಲಸವೇ ಆಯಿತು. ಕೆಟ್ಟ ಕೆಲಸ. ಆದರೆ ಕಣ್ಣು ಬಿಟ್ಟು ನೋಡಿದರೆ ಒಂದು ಲೆಕ್ಕ ಸಿಗುತ್ತದೆ.

ವಿಷ್ಣು ಅವರು ತೀರಿಕೊಂಡದ್ದು 2009ರ ಡಿಸೆಂಬರ್ 30ರ ಬೆಳಗಿನ ಜಾವ, ಮೈಸೂರಿನಲ್ಲಿ. ಅದೇ ದಿನ ಬೆಂಗಳೂರಿಗೆ ತಂದು, ನ್ಯಾಷನಲ್ ಕಾಲೇಜು ಮೈದಾನದಲ್ಲಿ ಇಟ್ಟು, ಅದೇ ಸಂಜೆ ಅಭಿಮಾನ್ ಸ್ಟುಡಿಯೋದಲ್ಲಿ ಸಂಸ್ಕಾರ ಆಯಿತು. ಬಳ್ಳಾರಿಯವನು, ಬೀದರಿನವನು ಬಸ್ಸು ಹತ್ತಿ ಬರುವಷ್ಟರಲ್ಲಿ ಎಲ್ಲಾ ಮುಗಿದೇ ಹೋಗಿತ್ತು. ಅವತ್ತೂ ಕಲ್ಲು ಬಿದ್ದವು, ಲಾಠಿ ಬೀಸಿತು.

ಅಂಬರೀಷಣ್ಣ ಹೋದದ್ದು 2018ರ ನವೆಂಬರ್ 24ರ ರಾತ್ರಿ. 2006ರಲ್ಲೂ ಎಚ್. ಡಿ. ಕುಮಾರಸ್ವಾಮಿಯವರೇ ಮುಖ್ಯಮಂತ್ರಿ, 2018ರಲ್ಲೂ ಅವರೇ. ಈ ಸಲ ಏನು ಮಾಡಿದರು? ಕಂಠೀರವ ಕ್ರೀಡಾಂಗಣದಲ್ಲಿ ದರ್ಶನಕ್ಕೆ ಇಟ್ಟರು. ಅಷ್ಟೇ ಅಲ್ಲ, ಮಂಡ್ಯದ ಗಂಡನ್ನು ಮಂಡ್ಯದವರೂ ನೋಡಲಿ ಅಂತ ಹೆಲಿಕಾಪ್ಟರಿನಲ್ಲಿ ಅಲ್ಲಿಗೇ ಕರೆದುಕೊಂಡು ಹೋದರು. ರಾತ್ರಿಯೆಲ್ಲಾ ಜನ ನೋಡಿದರು. ಅಂತ್ಯಸಂಸ್ಕಾರ ಆದದ್ದು 26ಕ್ಕೆ. ಬೆಂಗಳೂರು ಶಾಂತವಾಗಿಯೇ ಇತ್ತು.

ಆಮೇಲೆ ಅಪ್ಪು.

2021ರ ಅಕ್ಟೋಬರ್ 29, ಶುಕ್ರವಾರ. ನಲವತ್ತಾರು ವಯಸ್ಸು. ಅವತ್ತು ಆಸ್ಪತ್ರೆ ಮುಂದೆ ಸೇರಿದ ಹುಡುಗರನ್ನು ನೋಡಿ ನನ್ನ ಎದೆ ಢವಢವ ಅಂದಿತು. 2006 ಮತ್ತೆ ಬಂತು ಅಂದುಕೊಂಡೆ. ನೀವೂ ಅಂದುಕೊಂಡಿರುತ್ತೀರಿ, ಅಲ್ವಾ? ಮದ್ಯದಂಗಡಿ ಮುಚ್ಚಿಸಿದರು, ರಸ್ತೆ ರಸ್ತೆಗೂ ಬಂದೋಬಸ್ತ್ ಹಾಕಿದರು. ಅದು ಯಾವಾಗಲೂ ಮಾಡೋದೇ. ಅವತ್ತು ಬೇರೆ ಇದ್ದದ್ದು ಮಾತು. ಮೈಕಿನಲ್ಲಿ, ಟಿವಿಯಲ್ಲಿ ಹೇಳಿದ್ದನ್ನೇ ಹೇಳಿದರು: ಅಪ್ಪು ಕಂಠೀರವ ಕ್ರೀಡಾಂಗಣದಲ್ಲಿ ಇರುತ್ತಾರೆ, ಎಲ್ಲರಿಗೂ ದರ್ಶನ ಸಿಗುತ್ತದೆ. ಶನಿವಾರ ಅಂತಿದ್ದ ಅಂತ್ಯಕ್ರಿಯೆ ಭಾನುವಾರಕ್ಕೆ ಹೋಯಿತು. ಅಮೆರಿಕದಿಂದ ಮಗಳು ಬರಬೇಕಿತ್ತು, ಜೊತೆಗೆ ದೂರದೂರದ ಜನಕ್ಕೂ ಸಮಯ ಸಿಕ್ಕಿತು. ಶಿವಣ್ಣ, ರಾಘಣ್ಣ ಅಂಥಾ ದುಃಖದಲ್ಲೂ ಶಾಂತವಾಗಿರಿ ಅಂತ ಕೈಮುಗಿದರು.

ನಾನು ಪತ್ರಿಕೆಯ ಗುರುತಿನ ಚೀಟಿ ಜೇಬಿನಲ್ಲೇ ಇಟ್ಟುಕೊಂಡು ಶುಕ್ರವಾರ ರಾತ್ರಿ ಸಾಮಾನ್ಯರ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಹಾವೇರಿ ಹುಡುಗರು ನಾಲ್ಕು ಜನ. ಒಬ್ಬನಿಗೆ ತಾಳ್ಮೆ ತಪ್ಪಿ ಬ್ಯಾರಿಕೇಡ್ ಅಲ್ಲಾಡಿಸಿದ. ನನಗೆ ಬೆನ್ನು ಚುರ್ ಅಂತು, ಹದಿನೈದು ವರ್ಷದ ಹಿಂದಿನ ಏಟು! ಆದರೆ ಅಲ್ಲಿದ್ದ ಪೇದೆ, ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ, ಲಾಠಿ ಎತ್ತಲಿಲ್ಲ. "ಇನ್ನೂ ಎರಡು ಗಂಟೆ ಆಗ್ತದೆ ಗುರೂ. ಆದ್ರೆ ನೋಡೇ ನೋಡ್ತೀಯ. ನಾಳೆ ಪೂರ್ತಿ ಇರ್ತಾರೆ" ಅಂದ. ಹಾವೇರಿಯವನು ಅವನ ಮುಖ ನೋಡಿದ. "ಖರೇನಾ ಸರ್ರ?" "ಖರೇನಪ್ಪ." ಅಷ್ಟೇ ಮಾತು. ಹುಡುಗ ಬ್ಯಾರಿಕೇಡ್ ಬಿಟ್ಟು ನೆಲದ ಮೇಲೆ ಕೂತ.

ಎರಡು ಗಂಟೆ ಅಂದದ್ದು ಮೂರಾಯಿತು. ಆದರೂ ನೋಡಿದೆವು. ಶುಕ್ರವಾರ ಸಂಜೆಯಿಂದ ಭಾನುವಾರ ಬೆಳಗಿನ ಜಾವದ ತನಕ ಲಕ್ಷಾಂತರ ಜನ ಹಾಗೆ ಸಾಲಿನಲ್ಲಿ ಬಂದು, ನೋಡಿ, ಅತ್ತು, ಹೋದರು. ಅಪ್ಪು ಅಪ್ಪ ಅಮ್ಮನ ಪಕ್ಕದಲ್ಲಿ ಕಂಠೀರವ ಸ್ಟುಡಿಯೋದಲ್ಲಿ ಮಲಗಿದರು. ಅದೇ ಊರು, ಅದೇ ಮನೆತನ, ಅದೇ ಅಭಿಮಾನಿಗಳ ಮಕ್ಕಳು. 2006ರಲ್ಲಿ ನಮ್ಮನ್ನು ಪುಂಡರು ಅಂತ ಬರೆದವರು ಇದನ್ನೂ ಗಮನಿಸಬೇಕಿತ್ತು.

ಗಲಾಟೆಗೆ ಮುಂಚಿನ ಪೋಲೀಸ್

ಎಲ್ಲಾ ಶ್ರೇಯಸ್ಸು ಪೋಲೀಸರಿಗೇ ಕೊಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಆ ಕುಟುಂಬದ ಸಂಯಮ ದೊಡ್ಡದು. ಆದರೆ ನಂಬಿಕೆ ಅನ್ನೋದು ಗಲಾಟೆಯ ದಿನ ಬೆಳಗ್ಗೆ ಲಾರಿಯಲ್ಲಿ ಬಂದು ಇಳಿಯೋಲ್ಲ, ಮುಂಚೆಯೇ ಮಾಡಿಟ್ಟಿರಬೇಕು. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಸಾಕ್ಷಿ ನಮ್ಮೂರಿನದಲ್ಲ, ಮುಂಬೈ ಪಕ್ಕದ ಭಿವಂಡಿಯದು. ಮಗ್ಗಗಳ ಊರು ಅದು. 1970ರಲ್ಲಿ, 1984ರಲ್ಲಿ ಹಿಂದೂ ಮುಸ್ಲಿಂ ಗಲಭೆಯಲ್ಲಿ ಉರಿದುಹೋಗಿತ್ತು. 1988ರಲ್ಲಿ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಎರಡೂ ಕಡೆಯ ಸಾಮಾನ್ಯ ಜನ, ಜೊತೆಗೆ ಅದೇ ಏರಿಯಾದ ಪೋಲೀಸಿನವನು. ಸುಮ್ಮನೆ ಕೂತು ಮಾತಾಡೋದು, ನಲ್ಲಿ ಜಗಳ, ಬಾಡಿಗೆ ಜಗಳಗಳನ್ನು ಅಲ್ಲಲ್ಲೇ ಮುಗಿಸೋದು. ದೊಡ್ಡ ಡೈಲಾಗ್ ಏನೂ ಇಲ್ಲ. 1992ರ ಡಿಸೆಂಬರ್, 1993ರ ಜನವರಿಯಲ್ಲಿ ಮುಂಬೈ ಹತ್ತಿ ಉರಿಯಿತು. ಭಿವಂಡಿ ಉರಿಯಲಿಲ್ಲ!

ಇದನ್ನು ಯಾರಾದರೂ ನಿರ್ದೇಶಕರು ಚಿತ್ರ ಮಾಡಬಾರದೇ? ಮಾಡೋಲ್ಲ ಬಿಡಿ. ಗಲಭೆ ಆಗಲಿಲ್ಲ ಅನ್ನೋದಕ್ಕೆ ಫೈಟ್ ಮಾಸ್ಟರು ಏನು ಮಾಡಬೇಕು!

ನಮ್ಮಲ್ಲೂ 2017ರಲ್ಲಿ ಬೀಟ್ ಪದ್ಧತಿಯನ್ನು ಬದಲಾಯಿಸಿದರು. ಹಳೇ ಬೀಟ್ ಅಂದರೆ ರಾತ್ರಿ ಸೀಟಿ ಊದುತ್ತಾ ಹೋಗಿ ಪುಸ್ತಕಕ್ಕೆ ಸಹಿ ಹಾಕಿ ಬರೋದು. ಹೊಸದರಲ್ಲಿ ಠಾಣೆಯ ವ್ಯಾಪ್ತಿಯನ್ನು ಸಣ್ಣ ಸಣ್ಣ ಬೀಟುಗಳಾಗಿ ಮಾಡಿ, ಒಂದೊಂದಕ್ಕೂ ಒಬ್ಬ ಪೇದೆಯನ್ನೋ ಹೆಡ್ ಕಾನ್‌ಸ್ಟೇಬಲನ್ನೋ ಜವಾಬ್ದಾರಿ ಮಾಡಿದರು, ಅಲ್ಲಿನ ನಾಗರಿಕರನ್ನೂ ಜೊತೆಗೆ ಸೇರಿಸಿದರು. 2025ರ ಜುಲೈನಲ್ಲಿ 'ಮನೆ ಮನೆಗೆ ಪೋಲೀಸ್' ಅಂತ ಇನ್ನೊಂದು ಶುರುವಾಯಿತು.

ಕಾಗದದ ಮೇಲೆ ಚೆನ್ನಾಗಿದೆ. ರಸ್ತೆಯ ಮೇಲೆ? ನನ್ನ ಅನುಭವ ಹೇಳಿಬಿಡುತ್ತೇನೆ. ಒಂದು ಸಲ ಬಸ್ಸಿನಲ್ಲಿ ನನ್ನ ಫೋನು ಕದ್ದರು. ಠಾಣೆಗೆ ಹೋದರೆ, ಯಾವ ಠಾಣೆ ಅಂತ ಬೇಡ, ಒಂದೂವರೆ ಗಂಟೆ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ "ಕದ್ದರು ಅಂತ ಬರೀಬೇಡ, ಕಳೆದುಹೋಯ್ತು ಅಂತ ಬರಿ" ಅಂದರು. ಯಾಕೆ ಅಂತ ಕೇಳಿದೆ. ಕದ್ದರು ಅಂದರೆ ಕೇಸು, ಕಳೆದುಹೋಯಿತು ಅಂದರೆ ಬರೀ ಕಾಗದ! ಬರೆದುಕೊಟ್ಟು ಬಂದೆ. ಅವತ್ತು ರಾತ್ರಿ ಅಣ್ಣನಿಗೆ ಫೋನ್ ಮಾಡಿ ಬೈದೆ. ಅವನು ಎಲ್ಲಾ ಕೇಳಿಸಿಕೊಂಡು, "ಮನೆಗೆ ಬಂದು ಕೈ ಕುಲುಕೋದು ಆಮೇಲಿರಲಿ, ಕೊಟ್ಟ ದೂರು ಬರ್ಕೊಂಡ್ರೆ ಸಾಕಾಗಿತ್ತು, ಅಲ್ವಾ?" ಅಂದ. ನಾನು ಹೇಳಬೇಕೆಂದಿದ್ದ ಮಾತನ್ನು ಖಾಕಿಯವನೇ ಹೇಳಿಬಿಟ್ಟರೆ ಜಗಳ ಮುಂದುವರಿಸೋದು ಹೇಗೆ?

ಕಲಿತದ್ದು ಮರೆತೂ ಹೋಗುತ್ತದೆ. 2025ರ ಜೂನ್ 4 ನೆನಪಿದೆಯಲ್ಲ? ಹದಿನೆಂಟನೇ ವರ್ಷಕ್ಕೆ ಆರ್‌ಸಿಬಿ ಕಪ್ಪು ಗೆದ್ದು ಬಂದ ದಿನ. ಅಪ್ಪುವಿಗಾಗಿ ಲಕ್ಷಾಂತರ ಜನ ಸಾಲಿನಲ್ಲಿ ನಿಂತ ಕಂಠೀರವಕ್ಕೂ ಚಿನ್ನಸ್ವಾಮಿ ಕ್ರೀಡಾಂಗಣಕ್ಕೂ ಹೆಚ್ಚು ದೂರವಿಲ್ಲ. ಮೆರವಣಿಗೆ ಇದೆಯಾ ಇಲ್ಲವಾ, ಪಾಸು ಬೇಕಾ ಬೇಡವಾ, ಯಾವ ಗೇಟು? ಮತ್ತೆ ಅದೇ ಪ್ರಶ್ನೆಗಳು, ಕ್ಷಣಕ್ಕೊಂದು ಉತ್ತರ. ಗೇಟುಗಳ ಮುಂದೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಹೆಚ್ಚಿನವರು ನಿಮ್ಮ ವಯಸ್ಸಿನವರೇ. ಮರುದಿನವೇ ನಗರ ಪೋಲೀಸ್ ಕಮಿಷನರ್ ಸೇರಿ ಅಧಿಕಾರಿಗಳು ಅಮಾನತಾದರು. ತಪ್ಪು ಯಾರ್ಯಾರದು ಅಂತ ಕೋರ್ಟು ಕಚೇರಿಗಳಲ್ಲಿ ವಾದ ನಡೆಯಿತು. ನನ್ನ ಕಣ್ಣ ಮುಂದೆ ಬಂದದ್ದು ಸ್ಯಾಂಕಿ ಕೆರೆ ಏರಿಯ ಮೇಲೆ ಓಡುತ್ತಿದ್ದ ನಾವು.

ಯಜಮಾನ್ರೇ, ಮುಂದೆ ನಡೀರಿ

ಅಪ್ಪು ಅಂತಿಮ ದರ್ಶನದ ಆ ಶನಿವಾರ ನಾನು ಅಣ್ಣನಿಗೆ ಫೋನ್ ಮಾಡಿದ್ದೆ. ಅಷ್ಟು ಹೊತ್ತಿಗೆ ಅವನು ಎಎಸ್‌ಐ ಆಗಿದ್ದ. ಹಡ್ಸನ್ ಸರ್ಕಲ್ ಕಡೆ ಡ್ಯೂಟಿ, ಸ್ಟೇಡಿಯಂ ಗೋಡೆ ಕಾಣುವಷ್ಟು ಹತ್ತಿರ. "ನೋಡಿದ್ಯಾ ಅಣ್ಣ?" ಅಂದೆ. "ಪಾಯಿಂಟ್ ಬಿಟ್ಟು ಹೋಗೋ ಹಾಗಿಲ್ಲ. ಅಪ್ಪನ್ನೂ ನೋಡ್ಲಿಲ್ಲ, ಮಗನ್ನೂ ನೋಡ್ಲಿಲ್ಲ ಕಣೋ" ಅಂದ. ಹಿಂದೆ ಗಾಡಿಗಳ ಸದ್ದು. "ಆದ್ರೆ ಈ ಸಲ ಕೇಳಿದೋರಿಗೆಲ್ಲಾ ದಾರಿ ಹೇಳ್ತಾ ಇದೀನಿ. ಬೆಳಗ್ಗೆಯಿಂದ ಗಂಟಲು ಬಿದ್ದೋಗಿದೆ."

ಈಗ ರಿಟೈರ್ ಆಗಿದ್ದಾನೆ. ಹೋದ ವರ್ಷ ಏಪ್ರಿಲ್ 24ಕ್ಕೆ, ಅಣ್ಣಾವ್ರ ಹುಟ್ಟುಹಬ್ಬದ ದಿನ, ಹೆಂಡತಿ ಮೊಮ್ಮಗಳನ್ನು ಕರೆದುಕೊಂಡು ಕಂಠೀರವ ಸ್ಟುಡಿಯೋಗೆ ಬಂದಿದ್ದ. ನಾನೂ ಹೋಗಿದ್ದೆ. ಬಿಸಿಲು ಹೇಗಿತ್ತು ಅಂತೀರಿ! ಉದ್ದನೆಯ ಸಾಲು, ಬಿಳಿ ಶರಟು, ಹೆಗಲ ಮೇಲೆ ಟವಲ್ಲು, ಥೇಟ್ ಕಡೂರಿನ ಗೌಡ. ಒಬ್ಬ ಪೇದೆ ಬಂದು, "ಯಜಮಾನ್ರೇ, ನಿಲ್ಬೇಡಿ, ಮುಂದೆ ನಡೀರಿ, ಹಿಂದೆ ಜನ ಇದಾರೆ" ಅಂದ.

"ನಾನೂ ಡಿಪಾರ್ಟ್‌ಮೆಂಟ್ ಅಂತ ಹೇಳಬಾರದಾ ಅಣ್ಣ? ಸೀದಾ ಒಳಗೆ ಬಿಡ್ತಿದ್ರು" ಅಂತ ಪಿಸುಗುಟ್ಟಿದೆ.

"ಸುಮ್ನಿರೋ, ಕ್ಯೂ ಹಾಳಾಗ್ತದೆ" ಅಂದ. ಮೊಮ್ಮಗಳನ್ನು ಎತ್ತಿಕೊಂಡು ಎರಡು ಹೆಜ್ಜೆ ಮುಂದೆ ಹೋದ. ಬಿಸಿಲಿಗೆ ಬಲಗಿವಿಯ ಮೇಲಿನ ಹಳೇ ಗಾಯದ ಗೆರೆ ಬೆಳ್ಳಗೆ ಕಾಣುತ್ತಿತ್ತು. ಆಚೆ ಬಂದ ಮೇಲೆ ಮೂವರಿಗೂ ಕಬ್ಬಿನ ಹಾಲು ಕೊಡಿಸಿದೆ, ದುಡ್ಡು ಕೊಡೋಕೆ ಮಾತ್ರ ಅವನು ಬಿಡಲಿಲ್ಲ.